ಮೂರನೆಯ ಬಂದರು

"ಇವತ್ತೊಂದಿನ ಕಲಿಸೋಕೆ ಹೋಗ್ಬೇಡಿ ಅತ್ತೆ, ನಿಮ್ಮ ದಮ್ಮಯ್ಯ," ಎಂದಳು ಜೊತೆಗೆ ಓದುವ ಕನ್ನಡಕದ ಹುಡುಗಿ, ಹಡಗಿನ ಏಣಿ ಇಳಿಯುತ್ತಲೇ. "ಕೈ ಕಟ್ಟಿ ಬಾಯಿ ಮುಚ್ಕೊಂಡು ಕೂತ್ಕೋಬೇಕು."

"ಮೂವತ್ತೆರಡು ವರ್ಷ ಅಂಗಡಿ ಹುಡುಗೀರಿಗೆ ಅದನ್ನೇ ಹೇಳ್ಕೊಂಡು ಬಂದವಳು ಕಣೇ ನಾನು," ಎಂದರು ಟೇಲರಮ್ಮ. ಐವತ್ತೇಳರ ಹೆಂಗಸು ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ ಇಳಿಯುವುದನ್ನು ನೋಡಿ ಕೆಳಗಿದ್ದ ನಾವಿಕ ಎರಡೂ ಕೈ ಚಾಚಿ ನಿಂತುಬಿಟ್ಟ.

ಅದು ಓದುವವರ ಹಡಗು. ಆರು ತಿಂಗಳು, ಹನ್ನೊಂದು ದೇಶ. ತರಗತಿ, ಊಟ, ನಿದ್ದೆ ಎಲ್ಲ ನೀರಿನ ಮೇಲೆ. ವಯಸ್ಸಿನ ಅಡ್ಡಿಯಿಲ್ಲ ಎಂಬ ಒಂದು ಸಾಲು ಓದಿ ಟೇಲರಮ್ಮ ಅರ್ಜಿ ಹಾಕಿದ್ದರು. ಏಳನೇ ಕ್ಲಾಸಿಗೆ ಪುಸ್ತಕ ಬಿಟ್ಟು ಸೂಜಿ ಹಿಡಿದ ಕೈ ಅದು. ಅವರ ತಮ್ಮನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೇನಕ್ಕ, ಮೂರು ವರ್ಷ ಮುಂಚೇನೇ ಬಂತಾ?"

"ನಾನು ಯಾವ ಬಟ್ಟೇನ ಹೇಳಿದ ದಿನಕ್ಕೆ ಕೊಟ್ಟಿದೀನೋ? ಎಲ್ಲಾ ಮುಂಚೇನೇ," ಎಂದಿದ್ದರು ಅಕ್ಕ.

ಹಡಗಿನ ಮೇಷ್ಟ್ರದ್ದು ಒಂದೇ ಕಟ್ಟಳೆ. ಪ್ರತಿ ಬಂದರಿನಲ್ಲಿ ಇಳಿದು, ಗುರುತು ಪರಿಚಯವಿಲ್ಲದ ಒಬ್ಬರಿಂದ, ತನಗೆ ಗೊತ್ತಿಲ್ಲದ ಒಂದು ಕೆಲಸ ಕಲಿತು ಬರಬೇಕು. ಹಡಗು ಹೊರಡುವ ಮೊದಲು ಅದನ್ನು ತರಗತಿಗೆ ಕಲಿಸಬೇಕು. ಸಾಲಾಗಿ ಮೂರು ಬಂದರಿನಲ್ಲಿ ತಪ್ಪಿದವರು ಮೂರನೆಯದರಲ್ಲೇ ಇಳಿದು ವಿಮಾನ ಹತ್ತಿ ಮನೆಗೆ. ಟೇಲರಮ್ಮ ಆಗಲೇ ಎರಡರಲ್ಲಿ ತಪ್ಪಿದ್ದರು. ಮೊದಲ ಬಂದರಿನಲ್ಲಿ ಟೋಪಿ ಹೊಲಿಯುವವನ ಬಳಿ ಕೂತವರು ಹತ್ತೇ ನಿಮಿಷಕ್ಕೆ ಅವನ ಕೈಯಿಂದ ಸೂಜಿ ಕಸಿದು, "ಹೀಗಲ್ಲಪ್ಪ, ಹೀಗೆ" ಎಂದು ಶುರುಮಾಡಿದ್ದರು. ಎರಡನೆಯದರಲ್ಲಿ ಕೊಡೆ ರಿಪೇರಿಯವನಿಗೆ ಗಟ್ಟಿ ಹೊಲಿಗೆ ಹೇಳಿಕೊಟ್ಟು, ಅವನು ಕೈಮುಗಿದು ಕೊಟ್ಟ ಹೊಸ ಕೊಡೆ ಹಿಡಿದುಕೊಂಡು ಹಡಗು ಹತ್ತಿದ್ದರು. "ಗುರುದಕ್ಷಿಣೆ ತಂದಿದೀರಿ, ಪಾಠ ಎಲ್ಲಿ?" ಎಂದು ಕೇಳಿದ್ದರು ಮೇಷ್ಟ್ರು. ಈಗ ಟೇಲರಮ್ಮ ಪೆಟ್ಟಿಗೆ ಕಟ್ಟಿ ಏಣಿಯ ಪಕ್ಕ ಇಟ್ಟೇ ಊರೊಳಗೆ ಹೊರಟಿದ್ದರು.

ಹುಡುಗಿ ಜಾಣೆ. ಸೂಜಿ, ದಾರ, ಬಟ್ಟೆ ಕಂಡ ಬೀದಿಗಳನ್ನೆಲ್ಲ ತಪ್ಪಿಸಿ, ಒಂದು ಗಲ್ಲಿಯ ತುದಿಯ ಸೈಕಲ್ ಅಂಗಡಿಯೆದುರು ಅತ್ತೆಯನ್ನು ನಿಲ್ಲಿಸಿ, ತನ್ನ ಪಾಲಿನ ಪಾಠಕ್ಕೆ ಎದುರಿನ ಗಾಜಿನಂಗಡಿ ಹೊಕ್ಕಳು. ಸೈಕಲ್ ಅಂಗಡಿಯ ಬಾಗಿಲಿಗೆ ಕರಿ ಟ್ಯೂಬುಗಳು ಜೋತುಬಿದ್ದಿದ್ದವು. ಒಳಗೆ ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡ ಬೆಳ್ಳಿ ಕೂದಲಿನ ಅಜ್ಜಿ. ಅವರ ಮಾತು ಇವರಿಗೆ ತಿಳಿಯದು, ಇವರದ್ದು ಅವರಿಗೆ. ಟೇಲರಮ್ಮ ತೂತು ಬಿದ್ದ ಟ್ಯೂಬೊಂದನ್ನು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಚಕ್ಕಂಬಕ್ಕಳ ಹಾಕಿ ಕೂತರು. ಅಜ್ಜಿ ಅರೆಗಳಿಗೆ ನೋಡಿ, ಮಣೆಯೊಂದನ್ನು ಕಾಲಿನಿಂದ ಇತ್ತ ತಳ್ಳಿದರು.

ಟ್ಯೂಬಿಗೆ ಗಾಳಿ ತುಂಬು, ನೀರಿಗೆ ಅದ್ದು, ಗುಳ್ಳೆ ಬಂದಲ್ಲಿ ಗುರುತು ಹಾಕು. ಒರೆಸು, ಒರಟು ಕಾಗದದಿಂದ ಉಜ್ಜು, ಅಂಟು ಬಳಿ. ಆಮೇಲೆ ಅಂಟು ಆರುವತನಕ ಸುಮ್ಮನಿರು. ಅಲ್ಲೇ ಬಂದದ್ದು ತೊಡಕು. ಒದ್ದೆ ಅಂಟು ಕಂಡೊಡನೆ ಟೇಲರಮ್ಮನ ಕೈ ತೇಪೆಯತ್ತ ಓಡಿತು. "ಆರಿಹೋಗುತ್ತೆ ಅಜ್ಜಿ, ಈಗಲೇ ಅಂಟ್ಸಿ..."

ಫಟ್ ಎಂದು ಕೈಮೇಲೆ ಒಂದು ಬಿತ್ತು.

ಟೇಲರಮ್ಮ ಬಾಯಿ ತೆರೆದರು. ಹದಿಮೂರರ ವಯಸ್ಸಿನಲ್ಲಿ ಹೊಲಿಗೆ ಮೇಷ್ಟ್ರು ಮೊಳಕೋಲಿನಿಂದ ಕೊಟ್ಟದ್ದೇ ಕೊನೆ. ಆಮೇಲೆ ಈ ಕೈಗೆ ಯಾರೂ ಹೊಡೆದಿರಲಿಲ್ಲ. "ಏ ಹುಡುಗೀ!" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದರು. "ನೋಡಿದ್ಯೇನೇ? ಹೊಡೆದ್ರು! ನಂಗೆ ಹೊಡೆದ್ರು!" ಹೇಳುವಾಗ ಮುಖ ಊರಗಲ ಅರಳಿತ್ತು.

ಮೊದಲ ತೇಪೆ ಸೋರಿತು. ಎರಡನೆಯದೂ. ಟೇಲರಮ್ಮ ಅದನ್ನು ನಾಲ್ಕು ಮೂಲೆ ನೇರಕ್ಕೆ ಕತ್ತರಿಸಿದ್ದರು, ಅಳತೆಪಟ್ಟಿ ಇಟ್ಟಂಥ ಚೌಕ. ಅಂಚು ಕೂತರೂ ಮೂಲೆ ಏಳುತ್ತಿತ್ತು. ಮೂರನೆಯದೂ ಎದ್ದಾಗ ಅಜ್ಜಿ ಏನೋ ಬೈದು, ಇವರ ಕೈಲಿದ್ದ ಕತ್ತರಿ ಕಿತ್ತುಕೊಂಡು, ಹೊಸ ತುಂಡೊಂದರ ನಾಲ್ಕೂ ಮೂಲೆಗಳನ್ನು ಕರಕರ ದುಂಡಗೆ ಮಾಡಿ ಮುಖದ ಮುಂದೆ ಹಿಡಿದರು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಸಾವಿರ ದುಂಡು ಕಾಲರ್ ಕತ್ತರಿಸಿದವಳು!" ಎಂದು ಟೇಲರಮ್ಮ ಹಣೆ ಬಡಿದುಕೊಂಡು ನಕ್ಕರು. ಹಣೆಮೇಲೆ ಐದು ಕರಿ ಬೆರಳು ಮೂಡಿದವು. ಅಜ್ಜಿಯೂ ನಕ್ಕರು. ಆಗ ಹಡಗು ಮೊದಲ ಸಲ ಕೂಗಿತು. ಅಜ್ಜಿ ಇನ್ನೊಂದು ತೂತಿನ ಟ್ಯೂಬು, ಅಂಟಿನ ಡಬ್ಬಿ, ರಬ್ಬರ್ ಚೂರು, ಒಂದು ಪಂಪು ಇವರ ಮಡಿಲಿಗೆ ತುರುಕಿ ಬೆನ್ನು ನೂಕಿದರು. ಅತ್ತೆ, ಹುಡುಗಿ ಇಬ್ಬರೂ ಓಡಿದರು.

ತರಗತಿಯ ನಡುವೆ ಬಟ್ಟೆ ಒಗೆಯುವ ಕೋಣೆಯಿಂದ ತಂದ ತೊಟ್ಟಿ. ಸುತ್ತ ಇಪ್ಪತ್ತು ತಲೆಗಳು. ಟೇಲರಮ್ಮ ಏದುಸಿರಿನಲ್ಲೇ ತೂತು ಹುಡುಕಿದರು, ಉಜ್ಜಿದರು, ಅಂಟು ಬಳಿದರು. ಆಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತುಬಿಟ್ಟರು. "ಈಗ ಏನೂ ಮಾಡಬಾರದು ಮಕ್ಕಳೇ. ಇದೇ ಕಷ್ಟ."

ಯಾರೋ ಕಿಸಕ್ಕೆಂದರು. ಬಾಗಿಲಲ್ಲಿ ನಾವಿಕನ ತಲೆ ಕಂಡಿತು. "ಮೇಷ್ಟ್ರೇ, ಏಣಿ ಎತ್ತಬೇಕು. ಅಮ್ಮನ ಪೆಟ್ಟಿಗೆ ಕೆಳಗಿಳಿಸೋದಾ ಹೇಗೆ?"

"ತಡಿಯಪ್ಪ," ಎಂದು ಮೇಷ್ಟ್ರು ಇತ್ತ ತಿರುಗಿದರು. "ಟೇಲರಮ್ಮ, ನಿಜ ಹೇಳಿ. ಇದು ನಿಮಗೆ ಮೊದಲೇ ಬರ್ತಿತ್ತಾ?"

"ಬೆಳಿಗ್ಗೆ ಟೈರ್ ಯಾವುದು, ಟ್ಯೂಬ್ ಯಾವುದು ಅಂತಾನೂ ಗೊತ್ತಿರಲಿಲ್ಲ ಸಾರ್. ಮೂರು ಕೆಡಿಸಿದೆ. ಇದು ನಾಲ್ಕನೇದು. ನಿಲ್ಲುತ್ತೋ ಇಲ್ವೋ, ನಿಮ್ಮಷ್ಟೇ ನಂಗೂ ಗೊತ್ತು."

ಅಂಟನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ಮೂಲೆಯಿಲ್ಲದ ತೇಪೆಯನ್ನು ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಹುಡುಗಿ ಪಂಪು ಒತ್ತಿ ಗಾಳಿ ತುಂಬಿದಳು. ಟ್ಯೂಬು ನೀರಿಗಿಳಿಯಿತು. ಮೇಷ್ಟ್ರು ಕುರ್ಚಿ ಬಿಟ್ಟು ಬಂದು, ಅಂಗಿಯ ತೋಳು ಮಡಿಸುವುದನ್ನೂ ಮರೆತು, ಅದರ ಇನ್ನೊಂದು ತುದಿ ಹಿಡಿದುಕೊಂಡರು. ಗುಳ್ಳೆ ಏಳುತ್ತದೇನೋ ಎಂದು ಬಗ್ಗಿದ ಇಪ್ಪತ್ತು ತಲೆಗಳು ಒಂದಕ್ಕೊಂದು ತಾಗಿದವು.

"ಸಾರ್, ಪೆಟ್ಟಿಗೆ..." ಎಂದ ನಾವಿಕ.

"ಅವರ ಕೋಣೆಯಲ್ಲಿಡು. ಏಣಿ ಎತ್ತು," ಎಂದರು ಮೇಷ್ಟ್ರು, ನೀರಿನಿಂದ ಕಣ್ಣು ಕೀಳದೆ.

ಕಾಲಡಿಯ ನೆಲ ಸಣ್ಣಗೆ ನಡುಗಿತು. ತೊಟ್ಟಿಯ ನೀರು ಮೆಲ್ಲಗೆ ಒಂದು ಬದಿಗೆ ವಾಲಿ ಅಂಚು ಮುಟ್ಟಿ, ಹಾಗೆಯೇ ನಿಂತಿತು. ದುಂಡು ಕಿಟಕಿಯಾಚೆ ಬಂದರು ಸರಿಯತೊಡಗಿತ್ತು. ಅತ್ತ ಯಾರೂ ನೋಡುತ್ತಿರಲಿಲ್ಲ.