ಸಣ್ಣನ ಎಡೆ

ಆ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಜನರಿಗೂ ಜ್ವರ ಹತ್ತಿತ್ತು. ನಮ್ಮ ಹೊಸಬಾಳೆಗೂ ಆಸ್ಪತ್ರೆಯವರು ಜೀಪಿನಲ್ಲಿ ಬಂದು ಮನೆಮನೆಯವರ ಹೆಸರು ಬರೆದುಕೊಂಡು ಹೋದರು. ಊರೆಲ್ಲ ಜ್ವರಕ್ಕೆ ಹೆದರಿದರೆ ನನ್ನ ಅವ್ವ ಗುಡ್ಡಮ್ಮ ಹೆಸರು ಬರೆಯುವವರಿಗೆ ಹೆದರಿದಳು. ಎಪ್ಪತ್ತು ದಾಟಿದ ಮುದುಕಿ ಅಟ್ಟ ಹತ್ತಿ ಹುಲ್ಲಿನ ಹಿಂದೆ ಕೂತುಬಿಟ್ಟಳು.

“ಇಳಿಯೇ ಅವ್ವ, ಹೋದ್ರು,” ಎಂದೆ. ನನ್ನ ಬಾಯಿ ಮೊದಲೇ ಜೋರು. “ನಿನ್ನ ಹೊತ್ಕಂಡು ಹೋಗಿ ಅವ್ರೇನು ಉಪ್ಪಿನಕಾಯಿ ಹಾಕ್ತಾರಾ?”

“ನನ್ನ ಹೆಸ್ರು ಬರ್ಕಂಡ್ರೇನೇ ಹೂವಿ?” ಅವಳು ಹುಲ್ಲಿನ ಕಂತೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಈ ಭಯ ನನಗೆ ಹೊಸದಲ್ಲ. ಅವ್ವ ತಾಳಗುಂದದಾಚೆಯ ಒಡೆಯರೊಬ್ಬರ ಮನೆಯ ಹುಟ್ಟಾಳು. ಹುಟ್ಟಾಳು ಎಂದರೆ ಹುಟ್ಟಿದಂದೇ ಆ ಮನೆಯ ಸ್ವತ್ತು, ಕೊಟ್ಟಿಗೆಯ ಕರುವಿನ ಹಾಗೆ. ಒಡೆಯರು ತೀರಿಕೊಂಡಾಗ ಅವರ ಇಬ್ಬರು ಮಕ್ಕಳು ಪಾಲಿಗೆ ಕೂತರು. ಗದ್ದೆ, ಎಮ್ಮೆಗಳ ಜೊತೆ ಆಳುಗಳನ್ನೂ ಹಂಚುತ್ತಾರೆಂದು ಕೇಳಿ, ಇನ್ನೂ ಹುಡುಗಿಯಾಗಿದ್ದ ಅವ್ವ ಓಡಿಬಂದಳು. ತಮ್ಮ ಸಣ್ಣ ಮಲಗಿದ್ದವನು ಅಲ್ಲೇ ಉಳಿದ. ಒಡೆಯರ ಕಡೆಯವರು ತನ್ನನ್ನು ಹಿಡಿದುಕೊಂಡು ಹೋಗುತ್ತಾರೆಂದೇ ಅವಳು ಹೆದರುತ್ತಾಳೆಂದು ನಾನು ತಿಳಿದಿದ್ದೆ.

ಹಿರಿಯರ ಹಬ್ಬದಲ್ಲಿ ಸತ್ತವರಿಗೆ ನಾವು ಎಡೆ ಇಡುತ್ತೇವೆ. ಬದುಕಿದ್ದವರಿಗೆ ಇಟ್ಟರೆ ಅವರ ಆಯುಷ್ಯ ಕಡಿದ ಹಾಗೆ. ಸತ್ತವರಿಗೆ ಇಡದಿದ್ದರೆ ಅವರು ಹಸಿದುಕೊಂಡು ಹೊಸ್ತಿಲಲ್ಲಿ ನಿಂತಿರುತ್ತಾರೆ. ಸಣ್ಣ ಇದ್ದಾನೋ ಇಲ್ಲವೋ ತಿಳಿಯದೆ ಅವ್ವ ಪ್ರತಿವರ್ಷ ಅವನಿಗೊಂದು ಬಾಳೆಲೆ ಹಾಸುವಳು, ಬಡಿಸದೆ ಮಡಚಿಡುವಳು.

“ಜ್ವರ ಯಾವಾಗ ಎತ್ಕಂಡು ಹೋಗ್ತದೋ. ಅದ್ರೊಳಗೆ ಆ ಎಲೆದೊಂದು ತೀರ್ಮಾನ ಆಗ್ಲಿ,” ಎಂದಳು.

ಶಿಕಾರಿಪುರದ ಕಚೇರಿಯ ಮುಂದೆ ಅರ್ಜಿ ಬರೆಯುವ ವಲೀಸಾಬರನ್ನು ಹಿಡಿದೆ. ದೊಡ್ಡ ಮನೆಯವರ ಪಾಲಿನ ಜಗಳ ಕೋರ್ಟು ಹತ್ತದೆ ಇರುವುದಿಲ್ಲ, ಹಳೆಯ ಕಡತದ ನಕಲು ತೆಗೆಸೋಣ ಎಂದರು. ಆ ಒಡೆಯರ ಮೊಮ್ಮಕ್ಕಳು ಈಗಲೂ ಅಲ್ಲಿಗೆ ಬಂದುಹೋಗುವವರು. ನಕಲಿಗಾಗಿ ಕಾದು ಕೂತಾಗ ಯಾರಾದರೂ ಬಿಳಿ ಪಂಚೆಯವರು ಹತ್ತಿರ ಸುಳಿದರೆ ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಅವ್ವನನ್ನು ಗೇಲಿ ಮಾಡಿದ ನಾನೇ ಹೀಗೆ.

ವಲೀಸಾಬರು ಓದುತ್ತ ಓದುತ್ತ ದನಿ ತಗ್ಗಿಸಿದರು. “ದೊಡ್ಡ ಮಗನ ಫಿರ್ಯಾದು ಇದು. ‘ನನ್ನ ಪಾಲಿಗೆ ಬಂದ ಹುಡುಗಿ ಗುಡ್ಡಿ ಓಡಿಹೋದಳು. ಬದಲಿಗೆ ಅವಳ ತಮ್ಮ ಸಣ್ಣನನ್ನು ಕೊಟ್ಟರು. ಕಾಡಂಚಿನ ಗದ್ದೆ ಕಾಯುತ್ತಿದ್ದ ಅವನು ಮೊದಲ ಮಳೆಗಾಲದಲ್ಲೇ ಸತ್ತ. ಆದ್ದರಿಂದ ನನಗೆ ಇನ್ನೊಂದು ಆಳು ಬರಬೇಕು.’”

“ಕೋರ್ಟು ಏನಂತು ರೀ?”

“ಮನುಷ್ಯರು ಪಾಲಿಗೆ ಬರೋ ಸ್ವತ್ತಲ್ಲ ಅಂತ ಫಿರ್ಯಾದು ವಜಾ ಮಾಡ್ಯಾರ್ರೀ ಅಮ್ಮ.”

ಸಣ್ಣ ಸತ್ತ ಮೇಲೆ ಆ ಮಾತು ಹೇಳಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಸೊರಬದ ಬಸ್ಸಿನಲ್ಲಿ ಕೂತಾಗ ಉರಿ ಆರಿ ದಿಗಿಲು ಹತ್ತಿತು. ಇದನ್ನು ಅವ್ವನಿಗೆ ಹೇಳಿದರೆ ಅವಳು ಉಳಿಯುತ್ತಾಳೆಯೇ? ಅರ್ಧವನ್ನೇ ಹೇಳುವುದೆಂದು ಗಟ್ಟಿಮಾಡಿಕೊಂಡೆ.

“ಸಣ್ಣಮಾವ ಚಿಕ್ಕವನಿದ್ದಾಗಲೇ ಹೋದ್ನಂತೆ ಅವ್ವ. ಎಡೆ ಇಡಬೋದು,” ಎಂದೆ ಮನೆಗೆ ಬಂದವಳೇ.

ಅವ್ವ ಅಳಲಿಲ್ಲ. “ನನ್ನ ಬದ್ಲಿಗೆ ಅವ್ನ ಕೊಟ್ರೇನೇ?” ಎಂದು ಕೇಳಿದಳು.

ನನ್ನ ಜೋರು ಬಾಯಿ ಅವತ್ತು ಕಟ್ಟಿಹೋಯಿತು. ಅವಳಿಗೆ ಅಷ್ಟೇ ಸಾಕಾಯಿತು.

“ಜೀಪು ಬಂದ್ರೂ, ಗಾಡಿ ಬಂದ್ರೂ, ನನ್ನ ಹಿಡಿಯಾಕೆ ಬಂದ್ರು ಅಂತ ನಾನು ಹೆದ್ರಿದ್ದಿಲ್ಲ ಹೂವಿ. ಈ ಮಾತು ಹೇಳಾಕೆ ಯಾರೋ ಬಂದ್ರು ಅಂತ ಹೆದ್ರಿದ್ದೆ. ಕಡೀಗೆ ನೀನೇ ತಂದ್ಯಲ್ಲೇ.”

ಹಬ್ಬದ ದಿನ ಅವ್ವ ಆ ಎಲೆಗೆ ತಾನೇ ಬಡಿಸಿದಳು. ಅನ್ನ, ಕಡುಬು, ಹುಡುಗ ಆಸೆಪಡುತ್ತಿದ್ದನೆಂದು ಒಂದು ತುಂಡು ಬೆಲ್ಲ. ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆಳೆದು ನಾವೆಲ್ಲ ಹೊರಗೆ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆದು ಆ ಎಡೆಯನ್ನು ಮನೆಯವರು ಹಂಚಿಕೊಳ್ಳುವುದು ರೂಢಿ. ಅವ್ವ ಚಿಲಕದ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ.

“ಹೊತ್ತಾತು ಅವ್ವ, ತೆಗಿ,” ಎಂದೆ.

ಅಟ್ಟದಲ್ಲಿ ಹುಲ್ಲಿನ ಕಂತೆ ಹಿಡಿದಿದ್ದ ಹಾಗೇ ಅವಳು ಚಿಲಕವನ್ನು ಹಿಡಿದಿದ್ದಳು.

“ಅವ್ನು ಉಂಡಿಲ್ಲ ಅಂದ್ರೆ?” ಎಂದಳು.