ನಲವತ್ತೇಳು ನಿಮಿಷ, ಮೂವರು ನಿದ್ದೆ

ನಾನು ಮಾತು ಕಮ್ಮಿ. ಸಿಡ್ನಿಯಲ್ಲಿ ಪದವಿ ಮುಗಿಸಿ ನಮ್ಮೂರು ವಿಲ್ಲಾರಕ್ಕೆ ಮರಳಿದಾಗ ಡಲ್ಸಿ ಆಂಟಿ, ಅಂದರೆ ನನ್ನಜ್ಜಿಯ ತಂಗಿ, "ಓದಿಸಿ ಓದಿಸಿ ಇವಳ ಬಾಯಿ ಹೊಲಿದು ಕಳಿಸಿದ್ದಾರೆ ನೋಡಿ" ಎಂದು ಊರಿಗೆಲ್ಲ ಸಾರಿದರು. ಆಮೇಲೆ ತಾವೇ ಕರೆದು ಹಿರಿಯರ ಕೂಟದಲ್ಲಿ ಕೆಲಸ ಕೊಟ್ಟರು. ಚಹಾ ಮಾಡುವುದು, ಬಂದವರ ಹೆಸರು ಬರೆದುಕೊಳ್ಳುವುದು. ಎರಡಕ್ಕೂ ಬಾಯಿ ಬೇಡ.

ಕೋರ್ಟು ಇರುವುದು ಎಪ್ಪತ್ತು ಕಿಲೋಮೀಟರ್ ಆಚೆ. ತಿಂಗಳಿಗೊಮ್ಮೆ ಮ್ಯಾಜಿಸ್ಟ್ರೇಟರು ಬರುತ್ತಾರೆ. ಕೊಟ್ಟ ತಾರೀಖಿಗೆ ಹೋಗದಿದ್ದರೆ ವಾರಂಟು, ಆಮೇಲೆ ಜೈಲು. ನನ್ನ ಸೋದರಮಾವ ನೆವಿಲ್ ನಾಲ್ಕು ತಿಂಗಳು ಒಳಗಿದ್ದದ್ದು ಕದ್ದದ್ದಕ್ಕಲ್ಲ, ತಾರೀಖಿಗೆ ಹೋಗದ್ದಕ್ಕೆ. ಅದಕ್ಕೂ ಹಿಂದಿನ ಸಲ ಹೋಗಿದ್ದರು ಪಾಪ. ಲೈಸೆನ್ಸ್ ಇಲ್ಲದೆ ಕಾರು ಓಡಿಸಿದ ಕೇಸಿಗೆ ಕಾರು ಓಡಿಸಿಕೊಂಡೇ ಹೋಗಿ ಕೋರ್ಟಿನ ಬಾಗಿಲಲ್ಲಿ ಪೊಲೀಸರ ಮುಂದೆ ನಿಲ್ಲಿಸಿದ್ದರು.

ಹಾಗಾಗಿಯೇ ನಮ್ಮ ಕೂಟ. ತಾರೀಖಿನ ಹಿಂದಿನ ದಿನ ಸಭಾಮನೆಯಲ್ಲಿ ಆಂಟಿಯ ಭಾಷಣ, ಮರುದಿನ ಬೆಳಗ್ಗೆ ಕ್ಲಾರಿ ಅಂಕಲ್ ಓಡಿಸುವ ಬಸ್ಸು. ಜನ ಕೋರ್ಟಿಗೆ ಹೋಗುವುದು ತಮ್ಮ ಭಾಷಣ ಕೇಳಿ ಎಂದು ಆಂಟಿ ಗಟ್ಟಿಯಾಗಿ ನಂಬಿದ್ದರು. ಬಸ್ಸು ಅವರ ಪಾಲಿಗೆ ಚಹಾದ ಜೊತೆಗಿನ ಬಿಸ್ಕತ್ತಿನಂತೆ, ಇದ್ದರೆ ಇರಲಿ.

ಈ ವರ್ಷ ಕೂಟಕ್ಕೆ ದುಡ್ಡು ಕೊಡುವ ಸರ್ಕಾರಿ ಇಲಾಖೆಯಿಂದ ಕಾಗದ ಬಂತು. ಕೂಟದ ಕೆಲಸವನ್ನು ಅಳೆದು ನೋಡುತ್ತಾರಂತೆ. ಭಾಷಣ ಉಳಿಸಿ ಬಸ್ಸು ನಿಲ್ಲಿಸುವ ಆಲೋಚನೆಯಿದೆಯಂತೆ. ಆಂಟಿ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡು, "ನೋಡು ಮಗಾ, ಕೊನೆಗೂ ಅಲ್ಲಿ ಬುದ್ಧಿ ಇರೋರು ಒಬ್ರು ಸೇರ್ಕೊಂಡಿದ್ದಾರೆ" ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮುಂದಿನ ತಿಂಗಳು ನೆವಿಲ್ ಮಾವನಿಗೆ ಮತ್ತೊಂದು ತಾರೀಖಿತ್ತು.

ಅಳೆಯಲು ಬಂದವಳು ಫಿಲಿಪ್ಪಾ. ಒಳ್ಳೆಯವಳು, ಬಿಸಿಲಿಗೆ ಮೂಗು ಸುಲಿದಿತ್ತು. ಕೈಯಲ್ಲಿ ಪ್ರಶ್ನೆಗಳ ಹಾಳೆ. ನಮ್ಮವರಿಗೋ ಹೊರಗಿನವರು ಸಾಲಾಗಿ ಪ್ರಶ್ನೆ ಕೇಳಿದರೆ ಹೂಂ ಅಂದುಬಿಡುವುದು ಅಭ್ಯಾಸ. ಅವರಿಗೂ ಬೇಜಾರಿಲ್ಲ, ನಮಗೂ ಬೇಗ ಬಿಡುಗಡೆ. ಎರಡು ದಿನದ ಮೇಲೆ ಅವಳು ಹಾಳೆಗಳನ್ನು ಹರಡಿಕೊಂಡು ತಲೆ ಹಿಡಿದು ಕೂತಳು. ಬಸ್ಸು ಬೇಕೇ ಎಂದರೆ ಅರವತ್ತು ಜನ ಹೌದು. ಬಸ್ಸು ಬೇಡವೇ ಎಂದರೂ ಅದೇ ಅರವತ್ತು ಜನ ಹೌದು.

ಕ್ಲಾರಿ ಅಂಕಲ್‌ನನ್ನು ಬಿಡದೆ ಹಿಡಿದಳು.

"ಬಸ್ ಓಡಿಸೋರು ನೀವೇನಾ?"

"ಹೂಂ."

"ನಿಮಗೆ ಬಸ್ ಓಡಿಸೋಕೇ ಬರಲ್ಲ ಅಂತಾರಲ್ಲ?"

"ಹೂಂ."

ಅವಳು ಅಳುವಂತಾದಾಗ ನಾನು ಚಹಾ ಕೊಟ್ಟೆ. ಚಹಾದ ಜೊತೆಗೆ ಯಾವ ಧೈರ್ಯದಲ್ಲೋ ನನ್ನ ದಿನಚರಿಯನ್ನೂ ಇಟ್ಟೆ. ಎರಡು ವರ್ಷ ಪ್ರತಿ ಸಲ ಸಭಾಮನೆಯ ಮೂಲೆಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬರೆದದ್ದು. ಯಾರು ಎಲ್ಲಿ ಹತ್ತಿದರು, ಯಾರು ಹತ್ತಲಿಲ್ಲ, ಯಾರ ಅಂಗಿ ಇಸ್ತ್ರಿಯಾಗಿತ್ತು, ಎಲ್ಲ. ಫಿಲಿಪ್ಪಾ ಕೋರ್ಟಿನ ಹಾಜರಿ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಸಂಜೆಯವರೆಗೂ ತಲೆ ಎತ್ತಲಿಲ್ಲ.

ಮರುದಿನ ಕೂಟ ಸೇರಿತು. ಫಿಲಿಪ್ಪಾ ಬಾಯಿ ತೆರೆಯುವ ಮೊದಲೇ ಆಂಟಿ ದಿನಚರಿ ಕಿತ್ತುಕೊಂಡು, "ನನ್ ಹೆಸರು ಪುಟಪುಟದಲ್ಲೂ ಇದೆಯಂತೆ, ನಾನೇ ಓದ್ತೀನಿ" ಎಂದು ಕನ್ನಡಕ ಏರಿಸಿದರು. ನನಗೆ ಬಾಗಿಲು ಎಷ್ಟು ಹೆಜ್ಜೆ ದೂರವಿದೆ ಎಂಬುದಷ್ಟೇ ಕಾಣುತ್ತಿತ್ತು.

"ಮಾರ್ಚ್ ಹನ್ನೆರಡು. ಡಲ್ಸಿ ಆಂಟಿ ಇಂದು ನಲವತ್ತೇಳು ನಿಮಿಷ ಮಾತಾಡಿದರು." ಸುತ್ತ ಒಮ್ಮೆ ಹೆಮ್ಮೆಯಿಂದ ನೋಡಿದರು. "ಮೂವರು ನಿದ್ದೆ."

ಹಿಂದಿನಿಂದ ಕ್ಲಾರಿ ಅಂಕಲ್, ಯಾರೂ ಕೇಳದೆ ತಾವಾಗಿ, ಬಾಯಿ ಬಿಟ್ಟರು.

"ನಾಲ್ವರು."

ನಕ್ಕವರು ಕೆಮ್ಮಿದಂತೆ ನಟಿಸಿದರು. ಫಿಲಿಪ್ಪಾ ಮೆಲ್ಲಗೆ ಹೇಳಿದಳು: ಆಂಟಿ ಮಂಡಿಯ ಆಪರೇಷನ್ನಿಗೆ ಹೋಗಿದ್ದ ಎರಡು ತಿಂಗಳು ಭಾಷಣ ಇರಲಿಲ್ಲ, ಆದರೂ ಮೂವತ್ತೊಂದು ಜನರಲ್ಲಿ ಇಪ್ಪತ್ತೆಂಟು ಮಂದಿ ಕೋರ್ಟಿಗೆ ಹೋದರು. ಬಸ್ಸಿನ ಗೇರ್‌ಬಾಕ್ಸ್ ಕೆಟ್ಟ ತಿಂಗಳು ಭಾಷಣ ಇತ್ತು, ಹದಿನಾಲ್ಕರಲ್ಲಿ ಹೋದವರು ಐದೇ ಜನ.

"ನಾನಿಲ್ದಾಗ ಹೋಗಿದ್ದು ನಾನು ಮುಂಚೆ ಹೇಳಿದ್ದು ತಲೇಲಿ ಉಳಿದಿತ್ತಲ್ಲ, ಅದಕ್ಕೇ ಕಣಮ್ಮಾ" ಎಂದರು ಆಂಟಿ.

ಫಿಲಿಪ್ಪಾ "ಇರಬಹುದು" ಎಂದು ಬರೆದುಕೊಳ್ಳತೊಡಗಿದಳು. ಅವಳ ಪೆನ್ನು ಓಡುತ್ತಿದ್ದುದನ್ನು ಕಂಡು ನನಗೆ ನೆವಿಲ್ ಮಾವನ ಮುಖ ನೆನಪಾಯಿತು.

"ಬಸ್ ಕೆಟ್ಟಾಗ್ಲೂ ಅದು ತಲೇಲೇ ಇತ್ತಲ್ಲ ಆಂಟಿ," ಎಂದೆ. "ಕಾಲಲ್ಲಿ ಇರ್ಲಿಲ್ಲ ಅಷ್ಟೆ."

ಆಂಟಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎರಡು ವರ್ಷಕ್ಕೆ ಒಂದ್ಸಲ ಬಾಯ್ ಬಿಟ್ಲು. ಅದೂ ನನ್ ಮೇಲೇನೆ." ದಿನಚರಿ ಮುಚ್ಚಿ ನನ್ನ ಕೈಗಿಟ್ಟರು. ಆಮೇಲೆ ಫಿಲಿಪ್ಪಾಳ ಕಡೆ ತಿರುಗಿ, "ಬಸ್ಸೇ ಅಂತ ಬರಿಯಮ್ಮ. ಇಲ್ದಿದ್ರೆ ಜೈಲಿಗೆ ಹೋಗೋರು ನಮ್ ಮಕ್ಕಳು. ನಿದ್ದೆ ವಿಷಯ ಮಾತ್ರ ಬಿಟ್ಬಿಡು" ಎಂದರು.

ಬಸ್ಸು ಉಳಿಯಿತು. ನಿಂತದ್ದು ಹಿಂದಿನ ದಿನದ ಭಾಷಣ.

ನೆವಿಲ್ ಮಾವನ ತಾರೀಖಿನ ಬೆಳಗ್ಗೆ ಹನ್ನೊಂದು ಜನ ಹತ್ತಿದರು, ಮಾವ ಇಸ್ತ್ರಿಯ ಅಂಗಿಯಲ್ಲಿ. ಕೊನೆಗೆ ಡಲ್ಸಿ ಆಂಟಿಯೂ ಹತ್ತಿ ಕ್ಲಾರಿ ಅಂಕಲ್‌ನ ಪಕ್ಕ ನಮ್ಮೆಲ್ಲರ ಕಡೆ ಮುಖಮಾಡಿ ಕೂತರು. ಬಾಗಿಲು ಮುಚ್ಚಿತು. ಎಪ್ಪತ್ತು ಕಿಲೋಮೀಟರ್, ನಡುವೆ ನಿಲುಗಡೆಯಿಲ್ಲ.

"ಈಗ ಎಲ್ಲ ಕೇಳ್ಕೊಳಿ" ಎಂದು ಶುರು ಮಾಡಿದರು.

ಕೋರ್ಟಿನ ಮುಂದೆ ಇಳಿಯುವಾಗ ನನ್ನ ಕಿವಿ ಹಿಂಡಿ, "ಹನ್ನೊಂದಕ್ಕೆ ಹನ್ನೊಂದು ಬಂದಿದ್ದಾರೆ. ನನ್ ಮಾತಿಂದ ಅಂತ ಬರಿ" ಎಂದರು.

ಫಿಲಿಪ್ಪಾ ಮುಂದಿನ ವರ್ಷ ಮತ್ತೆ ಅಳೆಯಲು ಬರುತ್ತಾಳೆ. ಮಾತು ಬಸ್ಸನ್ನೇ ಹತ್ತಿಬಿಟ್ಟ ಮೇಲೆ ಯಾವುದು ಯಾವುದರ ಫಲವೆಂದು ಅವಳು ಹೇಗೆ ಬಿಡಿಸುತ್ತಾಳೋ ದೇವರೇ ಬಲ್ಲ. ನಾನು ನನಗೆ ಕಂಡದ್ದನ್ನಷ್ಟೇ ಬರೆದೆ: ಐವತ್ತೆರಡು ನಿಮಿಷ. ನಿದ್ದೆ ಯಾರೂ ಇಲ್ಲ. ಕ್ಲಾರಿ ಅಂಕಲ್‌ನ ಕಿವಿಯಲ್ಲಿ ಹತ್ತಿ.