ವೈಸಿನ ಕೆಂಪು ಗೆರೆ

ಅಂಗಡಿಯವನು ಮುರಿದ ಕೊಕ್ಕೆಗಳನ್ನು ಗಾಜಿನ ಮೇಜಿನ ಮೇಲೆ ಸುರಿದಾಗ ಸೊಸೆಗೆ ಬಂದದ್ದು ಅಳುವಲ್ಲ, ಸಿಟ್ಟು. ಗರಿ, ನೂಲು, ಮೈಗೆ ಸುತ್ತಿದ ತಾಮ್ರದ ತಂತಿ ಎಲ್ಲ ಅವಳು ಕಟ್ಟಿದ ಹಾಗೆಯೇ ಇದ್ದವು. ಕೊಕ್ಕೆಯ ಬಾಗಿದ ತುದಿ ಮಾತ್ರ ಒಂದರಲ್ಲೂ ಇರಲಿಲ್ಲ.

"ಕೆರೆಯಲ್ಲಿ ಮೀನು ಹಿಡಿಯೋರು ತಂದು ಮುಖಕ್ಕೆ ಎಸೆದು ಹೋದ್ರಮ್ಮ," ಎಂದ ಅಂಗಡಿಯವನು. "ನೀನು ಕಟ್ಟೋ ಹುಳಾನ ಮೀನು ನಂಬುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೊಕ್ಕೆ ಕೈಕೊಡ್ತಿದೆ. ಭಾನುವಾರದಿಂದ ಹೊಳೇಲಿ ಮೀನು ಹಿಡಿಯೋಕೆ ಬಿಡ್ತಾರೆ, ಬೆಳಗಾಗೋದ್ರೊಳಗೆ ಎಲ್ಲ ಇಲ್ಲಿ ಬಂದು ನಿಂತಿರ್ತಾರೆ. ಶನಿವಾರ ಗಟ್ಟಿ ಮಾಲು ಕೊಟ್ರೆ ಸರಿ. ಇಲ್ದಿದ್ರೆ ಫ್ಯಾಕ್ಟರಿ ಮಾಲು ತರಿಸ್ತೀನಿ. ಬೇಜಾರು ಮಾಡ್ಕೋಬೇಡ."

"ಮೊದಲಿನ ದುಬಾರಿ ಕೊಕ್ಕೆನೇ ಹಾಕ್ಲಾ?"

"ಹಾಕು, ಯಾರು ಬೇಡ ಅಂದ್ರು? ನಾನು ಕೊಡೋ ರೇಟು ಮಾತ್ರ ಅದೇ."

ಇಂಥ ಉದಾರಿಯ ಜೊತೆ ವಾದ ಮಾಡಿ ಏನು ಪ್ರಯೋಜನ? ಅವಳು ಮುರಿದ ಚೂರುಗಳನ್ನು ಒಂದೂ ಬಿಡದೆ ಕಾಗದದಲ್ಲಿ ಕಟ್ಟಿಕೊಂಡು ಹೊರಟಳು.

ಸಣ್ಣ ಕೊಕ್ಕೆಗೆ ಗರಿ, ರೋಮ, ನೂಲು ಸುತ್ತಿ, ನೀರಿನ ಮೇಲೆ ಆಗತಾನೆ ಇಳಿದ ಹುಳುವಿನಂತೆ ಕಾಣಿಸುವುದು ಆ ಮನೆಯ ಕಸುಬು. ಮೋಸದ ಕೆಲಸವನ್ನು ಅಷ್ಟು ಪ್ರಾಮಾಣಿಕವಾಗಿ ಮಾಡುವವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕಲಿಸಿದವನು ಮಾವ. ಬೀದಿಯವರ ಬಾಯಲ್ಲಿ ಅವನು ಹುಳದಜ್ಜ. ಗಂಡ ಲಾರಿ ಓಡಿಸುವವನು, ಮನೆಗೆ ಬಂದಾಗ ನೆಂಟ. ಹೀಗಾಗಿ ಕಸುಬು ಮಾವ ಸೊಸೆಯರದು. ಅದು ಕೈಬಿಟ್ಟರೆ ಅವಳು ಮತ್ತೆ ಬಿಸ್ಕತ್ತು ಫ್ಯಾಕ್ಟರಿಯ ಬೆಲ್ಟಿನ ಮುಂದೆ ದಿನವಿಡೀ ನಿಲ್ಲಬೇಕು, ಮಾವ ಖಾಲಿ ಮೇಜಿನ ಮುಂದೆ ಗೋಡೆ ನೋಡುತ್ತ ಕೂರಬೇಕು. ಎರಡನ್ನೂ ಆಗಗೊಡುವುದಿಲ್ಲ ಎಂದು ಅವಳು ದಾರಿಯಲ್ಲೇ ನಿರ್ಧರಿಸಿದಳು. ಅವಳು ಪಟ್ಟು ಹಿಡಿದರೆ ಬಿಡುವ ಪೈಕಿಯಲ್ಲ.

ಮನೆಗೆ ಬರುವಷ್ಟರಲ್ಲಿ ಚೀಲದಲ್ಲಿ ಊರಿನ ಅಗ್ಗದ ಕೊಕ್ಕೆಗಳ ಪೊಟ್ಟಣಗಳೆಲ್ಲ ಇದ್ದವು.

"ಏನಿದು, ಅಂಗಡಿ ಇಡ್ತೀಯಾ?" ಎಂದು ಮಾವ ಕನ್ನಡಕ ಏರಿಸಿದ.

"ಪರೀಕ್ಷೆ ಮಾವ. ಯಾವುದು ಪಾಸಾಗುತ್ತೋ ಅದರಲ್ಲೇ ಕಟ್ಟೋಣ."

ಮಾವನಿಗೆ ಹುರುಪು ಬಂತು. ಕಿಟಕಿಯ ಪಕ್ಕದ ಮೇಜಿನ ಅಂಚಿಗೆ ಕೂರಿಸಿದ್ದ ಪುಟ್ಟ ವೈಸಿನ ಮುಂದೆ ಕುರ್ಚಿ ಎಳೆದುಕೊಂಡ. ಕೊಕ್ಕೆಯ ಬಾಗನ್ನು ಕಚ್ಚಿ ಹಿಡಿಯುವ ಆ ವೈಸ್ ಅವನ ಸಾಮ್ರಾಜ್ಯ. ಹಿಂದಿನ ಚಳಿಗಾಲದಲ್ಲಿ ಕಾಯಿಲೆ ಬಿದ್ದು ಎದ್ದ ಮೇಲೆ ನೂಲು ಕೈಯಿಂದ ಜಾರುತ್ತಿತ್ತು. 'ಕಣ್ಣು ಮಂಜಾಗಿದೆ' ಎಂದು ಹೇಳಿ ಅವನು ಹುಳು ಕಟ್ಟುವುದನ್ನು ಸೊಸೆಗೆ ಬಿಟ್ಟಿದ್ದ. ಕೊಕ್ಕೆಯನ್ನು ವೈಸಿಗೆ ಇಟ್ಟು ಬಿಗಿಯುವ ಹಕ್ಕು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅವನು ಬಿಗಿಯುವುದು, ಅವಳು ಕಟ್ಟುವುದು.

ಮೊದಲ ಪೊಟ್ಟಣದ ಕೊಕ್ಕೆಯ ಮೊನೆಯನ್ನು ಅವಳು ಹೆಬ್ಬೆರಳಿನ ಉಗುರಿನ ಮೇಲೆ ಎಳೆದಳು. ಚೂಪಿದ್ದರೆ ಉಗುರಿಗೆ ಕಚ್ಚಿ ನಿಲ್ಲಬೇಕು. ಅದು ನುಣ್ಣಗೆ ಜಾರಿತು. ಇನ್ನೊಂದರಲ್ಲಿ ದಾರ ಪೋಣಿಸುವ ಕಣ್ಣು ಸರಿಯಾಗಿ ಮುಚ್ಚಿರಲಿಲ್ಲ, ಅಂಚಿಗೆ ತಾಗಿ ದಾರ ಕತ್ತರಿಸುವುದು ಖಂಡಿತ. ಹಸಿರು ಪೊಟ್ಟಣದ್ದು ಕಣ್ಣು, ಮೊನೆ, ಬಾಗು ಎಲ್ಲದರಲ್ಲೂ ಅಚ್ಚುಕಟ್ಟು. ಬೆಲೆಯೋ, ದುಬಾರಿಯದರ ಕಾಲುಭಾಗ. ಅವಳಿಗೆ ಆಸೆ ಹುಟ್ಟಿತು.

"ಬಿಗೀರಿ ಮಾವ."

ಮಾವ ಹಲ್ಲು ಕಚ್ಚಿ ತಿರುಪು ತಿರುಗಿಸಿದ. ಅವಳು ಕೊಕ್ಕೆಯ ಕಣ್ಣಿಗೆ ದಾರ ಕಟ್ಟಿ ನೀರು ತುಂಬಿದ ಬಾಟಲಿ ತೂಗುಬಿಟ್ಟಳು. ಟಕ್! ಬಾಟಲಿ ಕೆಳಗೆ ಹೋಯಿತು. ಇನ್ನೊಂದು. ಅದೂ ಟಕ್. ನೀಲಿ ಪೊಟ್ಟಣದ್ದೂ ಮುರಿಯಿತು.

"ಕಾಲ ಕೆಟ್ಟೋಯ್ತು ಬಿಡು. ಕಬ್ಬಿಣಕ್ಕೂ ಸತ್ವ ಇಲ್ಲ," ಎಂದ ಮಾವ.

ಸೊಸೆ ಹಳೆಯ ಡಬ್ಬಿಯ ಮೂಲೆ ಕೆದಕಿ, ಉಳಿದಿದ್ದ ದುಬಾರಿ ಕೊಕ್ಕೆಯೊಂದನ್ನು ಹುಡುಕಿ ಕೊಟ್ಟಳು. ಅದನ್ನು ಹಾಕಿದವರು ಯಾವತ್ತೂ ದೂರಿದ್ದಿಲ್ಲ. ಮಾವ ಬಿಗಿದ. ಬಾಟಲಿ ತೂಗಿತು. ಅದೂ ಮುರಿಯಿತು.

ಈಗ ಅವಳ ತಲೆಯಲ್ಲಿ ಏನೋ ಕುಟುಕಿತು. ಭೂತಗನ್ನಡಿ ತಂದು ಕಿಟಕಿಯ ಬೆಳಕಿಗೆ ಹಿಡಿದಳು. ಅಂಗಡಿಯಿಂದ ತಂದ ಚೂರುಗಳು, ಈಗ ಮುರಿದವು, ಎಲ್ಲವೂ ಬಾಗಿನಲ್ಲಿ ಒಂದೇ ಕಡೆ ತುಂಡಾಗಿದ್ದವು. ಮುರಿದ ಅಂಚಿಗೆ ಒತ್ತಿಕೊಂಡಂತೆ ಎರಡೂ ಬದಿ ಸಣ್ಣ ಕಚ್ಚು. ವೈಸಿನ ಹಲ್ಲಿನ ಕಚ್ಚು.

ಮಾವ ಮುಖ ತೊಳೆಯಲು ಎದ್ದು ಹೋದ. ಅವಳು ಹಸಿರು ಪೊಟ್ಟಣದ ಕೊಕ್ಕೆಯೊಂದನ್ನು ತಾನೇ ಇಟ್ಟು, ಅಲುಗಾಡದಷ್ಟೇ ಬಿಗಿದಳು. ಬಾಟಲಿ ತೂಗುಬಿಟ್ಟಳು. ಬಾಟಲಿ ತೂಗುತ್ತಲೇ ಇತ್ತು. ಇನ್ನೊಂದು ಬಾಟಲಿ ಸೇರಿಸಿದಳು. ಕೊಕ್ಕೆ ತುಸು ಅಗಲವಾಗಿ, ಬಾಟಲಿ ತೆಗೆದೊಡನೆ ಮೊದಲಿನಂತಾಯಿತು.

ಕಾದ ಸ್ಟೀಲ್ ಲೋಟವನ್ನು ಮಾವ ಬಟ್ಟೆಯಿಲ್ಲದೆ ಎತ್ತಿಕೊಳ್ಳುತ್ತಿದ್ದದ್ದು, 'ನಿಮ್ಮದು ಉಕ್ಕಿನ ಕೈ ಮಾವ' ಎಂದು ತಾನು ಹೊಗಳುತ್ತಿದ್ದದ್ದು, ಅವನು ನಕ್ಕು ಸುಮ್ಮನಾಗುತ್ತಿದ್ದದ್ದು ನೆನಪಾಯಿತು. ಮಂಜಾಗಿದ್ದದ್ದು ಕಣ್ಣಲ್ಲ. ಬೆರಳಿಗೆ ಬಿಗಿ ತಿಳಿಯುತ್ತಿರಲಿಲ್ಲ, ಅದಕ್ಕೇ ತಿರುಪು ನಿಲ್ಲುವವರೆಗೂ ತಿರುಗಿಸುತ್ತಿದ್ದ.

ಹೇಳದೆ ಇರಬಹುದಿತ್ತು. ಅವನು ಮಧ್ಯಾಹ್ನ ಮಲಗಿದಾಗ ತಿರುಪು ಸಡಿಲಿಸಿ ಕೊಕ್ಕೆಗಳನ್ನು ತಾನೇ ಕೂರಿಸಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೀನಿಗೆ ಸುಳ್ಳು ಹುಳು ಕಟ್ಟುವುದನ್ನು ಕಲಿಸಿದವನಿಗೇ ಸುಳ್ಳು ಕಟ್ಟುವುದು ಅವಳ ಜಾಯಮಾನಕ್ಕೆ ಒಗ್ಗಲಿಲ್ಲ. ಮಾವ ಟವೆಲಿನಲ್ಲಿ ಮುಖ ಒರೆಸುತ್ತ ಬಂದಾಗ ಹೇಳಿಬಿಟ್ಟಳು.

"ಮಾವ, ತಪ್ಪು ಕೊಕ್ಕೇದಲ್ಲ. ಬಿಗಿ ಜಾಸ್ತಿ ಆಗ್ತಿದೆ. ನಿಮ್ಮ ಬೆರಳಿಗೆ ಗೊತ್ತಾಗ್ತಿಲ್ಲ."

ಮಾವನ ಮುಖ ಕೆಂಪೇರಿತು. "ನೀನು ಹುಟ್ಟೋಕೆ ಮುಂಚೆಯಿಂದ ಬಿಗೀತಿದ್ದೀನಿ ನಾನು! ನನ್ನ ಬೆರಳಿಗೆ ಗೊತ್ತಾಗಲ್ಲ ಅಂತೀಯಾ?" ಬಲಗೈ ಚಾಚಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. "ತಗೋ, ಕೊಕ್ಕೆಯಲ್ಲಿ ಚುಚ್ಚು. ಎಲ್ಲಿ ಚುಚ್ಚಿದೆ ಅಂತ ನೋಡದೆ ಹೇಳ್ತೀನಿ."

"ಬೇಡ ಮಾವ."

"ಚುಚ್ಚು ಅಂದೆ!"

ಅವಳು ತೋರುಬೆರಳ ತುದಿಗೆ ಮೊನೆ ಒತ್ತಿದಳು. ಮಾವ ಬೀದಿ ನೋಡುತ್ತಲೇ ಇದ್ದ. ಹಾಲಿನ ವ್ಯಾನು ಹೋಯಿತು.

"ಏನು ಕಾಯ್ತಿದ್ದೀಯಾ? ಚುಚ್ಚು."

ಅವಳು ಕೊಕ್ಕೆಯನ್ನು ಹಿಂದಕ್ಕೆ ತೆಗೆದಳು. ಅವನು ತಿರುಗಿ ನೋಡಿದ. ಬೆರಳ ತುದಿಯಲ್ಲಿ ರಕ್ತದ ಹನಿ ಆಗಲೇ ದಪ್ಪಗಾಗಿ ನಿಂತಿತ್ತು.

ಮಾವ ಅದನ್ನು ಬಹಳ ಹೊತ್ತು ನೋಡಿದ. ಸೊಸೆಯ ಕಣ್ಣು ತುಂಬಿ ಬಂತು. ಅವನು ಬೆರಳನ್ನು ಟವೆಲಿಗೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತ, ಎದ್ದು ಹೋಗಲಿಲ್ಲ.

"ನಿನ್ನ ಉಗುರಿಗೆ ಹಚ್ಚೋ ಬಣ್ಣ ಇದೆಯಲ್ಲ, ತಗೊಂಡು ಬಾ," ಎಂದ. "ನೀನು ಬಿಗಿ ನೋಡಿ ತಿರುಪು ನಿಲ್ಲಿಸು. ಅಲ್ಲಿಗೊಂದು ಗೆರೆ ಎಳಿ. ಕಣ್ಣು ಚೆನ್ನಾಗೇ ಇದೆ ನಂಗೆ, ಗೆರೆ ಕಾಣುತ್ತೆ. ಆದ್ರೆ ತಿರುಗಿಸೋದು ನಾನೇ."

"ನೀವೇ ಮಾವ. ಇನ್ಯಾರು ತಿರುಗಿಸ್ತಾರೆ?"

ಅವಳು ತಿರುಪಿನ ಮೇಲೂ ವೈಸಿನ ಮೈಮೇಲೂ ಕೆಂಪು ಗೆರೆ ಎಳೆದಳು. ಗೆರೆಗೆ ಗೆರೆ ಕೂಡಿದರೆ ನಿಲ್ಲಬೇಕು. ಮಾವ ಮೈಯೆಲ್ಲ ಕಣ್ಣಾಗಿ ತಿರುಗಿಸಿದ, ನಿಲ್ಲಿಸಿದ. ಶುಕ್ರವಾರದವರೆಗೆ ಆ ಮನೆಯಲ್ಲಿ ಒಲೆ ಹೊತ್ತಿದ್ದೇ ಕಡಿಮೆ. ಬ್ರೆಡ್ಡು ತಿಂದು ಕೆಲಸ ಮಾಡಿದರು. ಎಲ್ಲ ಹಸಿರು ಪೊಟ್ಟಣದ ಕೊಕ್ಕೆಗಳೇ.

ಶನಿವಾರ ಅಂಗಡಿಯಲ್ಲಿ ಸೊಸೆ ಮೊದಲು ಕೇಳಿದ್ದು ಹಳೆಯ ಮಾಲು. "ಉಳಿದಿರೋದನ್ನೆಲ್ಲ ವಾಪಸ್ ಕೊಡಿ. ಬಿಗಿ ಜಾಸ್ತಿಯಾಗಿ ಬಿರುಕು ಬಿಟ್ಟಿವೆ. ತಪ್ಪು ನಮ್ಮದೇ. ಅದರಲ್ಲಿ ಒಂದನ್ನೂ ಮಾರಬೇಡಿ." ಅಂಗಡಿಯವನು ಬೆಪ್ಪಾದ. ಆಮೇಲೆ ಹೊಸ ಡಬ್ಬಿಯಿಂದ ಕೈಗೆ ಸಿಕ್ಕ ಹುಳುವೊಂದನ್ನು ಎತ್ತಿ, ಕೊಕ್ಕೆಯ ಮೊನೆಯನ್ನು ತೂಕದ ಸ್ಪ್ರಿಂಗಿಗೆ ಸಿಕ್ಕಿಸಿ, ಗಾಳದ ದಾರ ಕಟ್ಟಿ, ಮುಖ ಸಿಂಡರಿಸಿಕೊಂಡು ಜಗ್ಗಿದ. ಇನ್ನೂ ಜಗ್ಗಿದ. ಫಟ್ ಎಂದು ಸದ್ದಾಯಿತು, ಅವನು ಹಿಂದಕ್ಕೆ ವಾಲಿದ.

ಅವಳು ಮನೆಗೆ ಬಂದಾಗ ಮಾವ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ತೋರುಬೆರಳಿಗೆ ಬ್ಯಾಂಡೇಜು.

"ಎಳೆದು ನೋಡಿದ್ನಾ?"

"ನೋಡಿದ. ಮುರಿಯೋ ತನಕ ಬಿಡಲಿಲ್ಲ."

ಮಾವ ಎದ್ದು ನಿಂತ. "ಏನು ಮುರೀತು?"

"ದಾರ ಕಿತ್ತೋಯ್ತು ಮಾವ. ಕೊಕ್ಕೆ ಹಾಗೇ ಇದೆ."

ಮಾವ ಒಳಗೆ ಹೋಗಿ ವೈಸಿನ ಮುಂದೆ ಕುರ್ಚಿ ಎಳೆದುಕೊಂಡು, ಬ್ಯಾಂಡೇಜು ಕಟ್ಟಿದ ಕೈಯನ್ನು ಅವಳ ಮುಂದೆ ಚಾಚಿದ, ಇನ್ನೊಂದು ಕೊಕ್ಕೆಗಾಗಿ.